ಹಲಸಿನ ಮರಕ್ಕೆ ನಾನು ಮಾಡಿದ ಪಾಠ

ಕಾಂಡವನ್ನು ಅಡ್ಡ ಕತ್ತರಿಸಿದರೆ ಒಳಗೆ ಏನೇನು ಕಾಣುತ್ತದೆ ಎಂಬ ಚಿತ್ರವನ್ನು ನಾನು ಕಣ್ಣು ಮುಚ್ಚಿಕೊಂಡು ಬಿಡಿಸಬಲ್ಲೆ. ಇದು ಜಂಬವಲ್ಲ. ಇಪ್ಪತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ‘ಸಸ್ಯ ಅಂಗಾಂಶಗಳು’ ಪಾಠ ಮಾಡಿದ ಯಾವ ವಿಜ್ಞಾನದ ಮೇಷ್ಟ್ರಾದರೂ ಬಿಡಿಸುತ್ತಾನೆ. ಹೊರಗೆ ತೊಗಟೆ. ತೊಗಟೆಯ ಒಳಮೈಗೆ ಅಂಟಿಕೊಂಡು ಫ್ಲೋಯಂ. ಎಲೆಯಲ್ಲಿ ತಯಾರಾದ ಆಹಾರವನ್ನು ಬೇರಿನವರೆಗೆ ಇಳಿಸುವುದು ಅದರ ಕೆಲಸ. ಇನ್ನೂ ಒಳಗೆ ಕ್ಸೈಲಂ; ಬೇರು ಹೀರಿದ ನೀರನ್ನು ಎಲೆಗೆ ಏರಿಸುವುದು ಅದರ ಕೆಲಸ. ನಾವು ಮರಮುಟ್ಟು ಅನ್ನುವುದು ಇದನ್ನೇ. ಇವೆರಡರ ನಡುವೆ ಕ್ಯಾಂಬಿಯಂ ಎಂಬ ತೆಳ್ಳನೆಯ ಪದರ ಕೂತು ಎರಡನ್ನೂ ಹೊಸದಾಗಿ ಹುಟ್ಟಿಸುತ್ತಾ ಇರುತ್ತದೆ. ಮಕ್ಕಳಿಗೆ ನಾನು ಸುಲಭ ಮಾಡಿ ಹೇಳುತ್ತಿದ್ದೆ: ಕ್ಸೈಲಂ ಮೇಲೆ ಹೋಗುವ ಬಸ್ಸು, ಫ್ಲೋಯಂ ಕೆಳಗೆ ಬರುವ ಬಸ್ಸು, ಕ್ಯಾಂಬಿಯಂ ಬಸ್ ಡಿಪೋ. ದೊಡ್ಡಬೆಳವಂಗಲದ ಸುತ್ತಮುತ್ತ ಈ ಬಸ್ಸು ಹತ್ತದ ವಿದ್ಯಾರ್ಥಿ ಇರಲಿಕ್ಕಿಲ್ಲ.

ಇಂಥ ವಿದ್ವಾಂಸನ ಹಿತ್ತಲಿನಲ್ಲೇ ಒಂದು ಹಲಸಿನ ಮರ ಹನ್ನೊಂದು ವರ್ಷದಿಂದ ಒಂದು ಕಾಯಿಯನ್ನೂ ಬಿಡದೆ ನಿಂತಿತ್ತು!

ಮರ ನನ್ನದಲ್ಲ, ನನ್ನ ಅತ್ತೆ ಹನುಮಕ್ಕನವರದು. ಆವತಿ ಹತ್ತಿರ ಅವರ ಹೊಲದ ಬದುವಿನ ಮೇಲೆ ಒಂದು ಹಳೇ ಹಲಸಿನ ಮರವಿತ್ತು. ಅದರ ತೊಳೆ ಕೆಂಪಗೆ, ಜೇನಿನಲ್ಲಿ ಅದ್ದಿ ತೆಗೆದ ಹಾಗೆ ಇರುತ್ತಿತ್ತು. ಮದುವೆಯಾದ ಹೊಸದರಲ್ಲಿ ನಾನೂ ತಿಂದು ಹೊಟ್ಟೆ ಕೆಡಿಸಿಕೊಂಡಿದ್ದೇನೆ. ಆಮೇಲೆ ನನ್ನ ಬಾಮೈದಂದಿರು ಹೊಲವನ್ನು ಲೇಔಟಿಗೆ ಮಾರಿದರು. ಮರ ಇದ್ದ ಜಾಗದಲ್ಲಿ ಈಗ ನೀರಿನ ಟ್ಯಾಂಕ್ ಇದೆ. ಅತ್ತೆ ನಮ್ಮ ಮನೆಗೆ ಬರುವಾಗ ಒಂದು ಟ್ರಂಕು ತಂದರು, ಸೆರಗಿನ ತುದಿಯಲ್ಲಿ ಆ ಮರದ ಕೊನೇ ಹಣ್ಣಿನ ಒಂಬತ್ತು ಬೀಜ ಕಟ್ಟಿಕೊಂಡು ಬಂದರು. ಒಂಬತ್ತರಲ್ಲಿ ಮೊಳೆತದ್ದು ಒಂದೇ. ಮುಖ ತೊಳೆದ ನೀರನ್ನೂ ಅದರ ಬುಡಕ್ಕೇ ಹಾಕಿ ಬೆಳೆಸಿದರು.

“ಇದ್ರುದೊಂದು ತೊಳೆ ಬಾಯಿಗೆ ಹಾಕ್ಕೊಂಡು ಹೋದ್ರೆ ಸಾಕು ಕಣವ್ವಾ ನಂಗೆ” ಎಂದು ಮಗಳ ಹತ್ತಿರ ಹೇಳುತ್ತಿದ್ದರು. ಮಗಳು ಎಂದರೆ ನನ್ನ ಹೆಂಡತಿ ಭಾಗ್ಯ. ಅತ್ತೆಗೆ ಎಂಬತ್ತೆರಡು. ಮರಕ್ಕೆ ಯಾವ ಅವಸರವೂ ಇರಲಿಲ್ಲ.

ಕಳೆದ ಕಾರ್ತಿಕದಲ್ಲಿ ಒಂದು ದಿನ ನಾನು ಪೇಪರ್ ಓದುತ್ತಾ ಜಗಲಿಯಲ್ಲಿ ಕೂತಿದ್ದಾಗ ಅತ್ತೆ ಬಂದು ಕಂಬಕ್ಕೆ ಒರಗಿ ನಿಂತರು.

“ಅಳಿಯಂದ್ರೇ, ಆ ಮರಕ್ಕೆ ಒಂದ್ಸಲ ಹೆದರಿಸ್ಬಿಡಿ.”

“ಹೆದರಿಸೋದಾ? ಮರಕ್ಕಾ?”

ಅವರ ಊರಿನ ಪದ್ಧತಿಯಂತೆ. ಕಾಯಿ ಬಿಡದ ಮರದ ಹತ್ತಿರ ಇಬ್ಬರು ಹೋಗಬೇಕು. ಒಬ್ಬ ಮಚ್ಚು ಹಿಡಿದು, “ಈ ದರಿದ್ರ ಮರ ಬಿಡ್ತಿಲ್ಲ, ಕಡಿದು ಒಲೆಗೆ ಹಾಕ್ತೀನಿ” ಎಂದು ಬೈದು ತೊಗಟೆಗೆ ಒಂದು ಕಚ್ಚು ಹಾಕಬೇಕು. ಇನ್ನೊಬ್ಬರು ಅಡ್ಡ ಬಂದು, “ಬ್ಯಾಡ ಬ್ಯಾಡ, ಮುಂದಿನ್ ವರ್ಷ ಬಿಡ್ತದೆ, ನಾನು ಜವಾಬ್ದಾರಿ” ಎಂದು ಬೇಡಿಕೊಳ್ಳಬೇಕು. ಹೀಗೆ ಮೂರು ಸಲ. ಮೂರು ಕಚ್ಚು. ಆಮೇಲೆ ಮಚ್ಚು ಕೆಳಗಿಟ್ಟು, ಮರಕ್ಕೆ ಅರಿಶಿನ ಕುಂಕುಮ ಹಚ್ಚಿ ಮನೆಗೆ ಬರಬೇಕು. ಮರ ಹೆದರಿಕೊಂಡು ಆ ವರ್ಷ ಕಾಯಿ ಬಿಡುತ್ತದೆ.

“ನೀವು ಮಚ್ಚು ಹಿಡ್ಕಳಿ, ನಾನು ಬ್ಯಾಡ ಅಂತೀನಿ” ಎಂದು ಪಾತ್ರವನ್ನೂ ಹಂಚಿಬಿಟ್ಟರು.

ನಾನು ಕನ್ನಡಕ ತೆಗೆದೆ. ನಾನು ಕನ್ನಡಕ ತೆಗೆದರೆ ಪಾಠ ಶುರುವಾಯಿತೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮರಕ್ಕೆ ಕಿವಿಯಿಲ್ಲ ಎಂದೆ. ನರಮಂಡಲವಿಲ್ಲ ಎಂದೆ. ಭಯ ಎಂಬುದು ಪ್ರಾಣಿಗಳ ಗುಣ ಎಂದೆ. ಅತ್ತೆ ಎಲ್ಲವನ್ನೂ ಕೇಳಿಸಿಕೊಂಡು, “ಹಂಗಾ?” ಎಂದು ಒಳಗೆ ಹೋದರು. ಭಾಗ್ಯ ಒಳಗಿನಿಂದಲೇ, “ರೀ, ಒಂದು ಮಚ್ಚು ಹಿಡಿದು ನಿಂತ್ಕೊಳೋಕೆ ನಿಮಗೇನ್ರೀ ಕಷ್ಟ?” ಎಂದಳು. ಮೂಢನಂಬಿಕೆ ವಿರೋಧಿ ಸಪ್ತಾಹದಲ್ಲಿ ಪ್ರತಿವರ್ಷ ಭಾಷಣ ಮಾಡುವವನ ಕಷ್ಟ ಅವಳಿಗೆ ಹೇಗೆ ಅರ್ಥವಾಗಬೇಕು?

ಮಾರನೇ ದಿನ ತರಗತಿಯಲ್ಲಿ ಅದೇ ಚಿತ್ರ ಬಿಡಿಸುತ್ತಿದ್ದೆ. ತೊಗಟೆಯ ಗೆರೆ ಎಳೆದೆ, ಫ್ಲೋಯಂ ಎಳೆದೆ, ಅಷ್ಟರಲ್ಲಿ ಕೈ ನಿಂತುಬಿಟ್ಟಿತು. ಮಚ್ಚಿನ ಕಚ್ಚು ಬೀಳುವುದು ಎಲ್ಲಿಗೆ? ತೊಗಟೆಗೆ. ತೊಗಟೆಯ ಜೊತೆ ಕಡಿಯುವುದು ಏನು? ಫ್ಲೋಯಂ! ಕೆಳಗೆ ಹೋಗುವ ಆಹಾರಕ್ಕೆ ಅಲ್ಲಲ್ಲಿ ತಡೆ ಬಿದ್ದರೆ ಅದು ಮೇಲೇ ಉಳಿದು ಹೂವಿಗೆ, ಕಾಯಿಗೆ ಸೇರುತ್ತದೆ. ಮರ ಹೆದರುವುದೂ ಇಲ್ಲ, ಗಿದರುವುದೂ ಇಲ್ಲ. ನಮ್ಮ ಹಿರಿಯರು ವಿಜ್ಞಾನಿಗಳು! ನನಗೆ ರೋಮಾಂಚನವಾಯಿತು. ಆದರೆ ಮರುಕ್ಷಣವೇ ಅವರ ಮೇಲೆ ಕನಿಕರವೂ ಬಂತು. ಪಾಪ, ಅರ್ಧಕ್ಕೇ ಬಿಟ್ಟಿದ್ದಾರೆ. ಮೂರು ಕಚ್ಚಿಗೇ ಇಷ್ಟು ಫಲ ಬರುವುದಾದರೆ ಕಾಂಡದ ಸುತ್ತಲೂ ಬಳೆಯಂತೆ ತೊಗಟೆಯನ್ನೇ ತೆಗೆದುಬಿಟ್ಟರೆ? ಒಂದು ಹನಿ ಆಹಾರವೂ ಕೆಳಗೆ ಇಳಿಯುವುದಿಲ್ಲ, ಪೂರ್ತಿ ಕಾಯಿಗೇ!

ಕೆಳಗೆ ಬೇರು ಅಂತ ಒಂದಿದೆ, ಅದಕ್ಕೂ ಹೊಟ್ಟೆ ಇದೆ ಎಂಬುದು ಅದೇ ಪಾಠದ ಮುಂದಿನ ವಾಕ್ಯ. ಆ ವಾಕ್ಯವನ್ನೂ ನಾನು ಇಪ್ಪತ್ತೊಂಬತ್ತು ವರ್ಷ ಹೇಳಿದ್ದೇನೆ. ಅಂದು ಮಾತ್ರ ಬೆಲ್ ಹೊಡೆಯಿತು.

ಮನೆಗೆ ಬಂದು ಭಾಗ್ಯನಿಗೆ ವಿವರಿಸಿದೆ.

“ಅಮ್ಮ ಹೇಳಿದ್ದು ಮೂರು ಕಚ್ಚು” ಎಂದಳು.

“ನಿನಗೆ ಫ್ಲೋಯಂ ಅಂದ್ರೆ ಗೊತ್ತೇನೇ?”

“ಗೊತ್ತಿಲ್ಲ. ಮೂರು ಅಂದ್ರೆ ಮೂರು ಅಂತ ಗೊತ್ತು.”

ಇಂಥವರ ಜೊತೆ ವಾದ ಮಾಡಬಾರದೆಂದು ಸುಮ್ಮನಾದೆ. ಆ ಭಾನುವಾರ ತಾಯಿ ಮಗಳಿಬ್ಬರೂ ತ್ಯಾಮಗೊಂಡ್ಲುವಿನ ನೆಂಟರ ಮನೆಗೆ ನಾಮಕರಣಕ್ಕೆ ಹೊರಟರು. ನನಗೆ ತಲೆನೋವು ಬಂತು. ಅವರ ಬಸ್ಸು ಹೋದ ತಕ್ಷಣ ತಲೆನೋವೂ ಹೋಯಿತು.

ಹಿತ್ತಲಿಗೆ ಹೊರಟ ನನ್ನ ಸಿದ್ಧತೆ ನೋಡಿದ್ದರೆ ಯಾರಾದರೂ ಆಪರೇಷನ್ ಎಂದೇ ತಿಳಿಯುತ್ತಿದ್ದರು. ಅಳತೆ ಟೇಪು, ಸೀಮೆಸುಣ್ಣ, ಗರಗಸ, ಉಳಿ, ಸುತ್ತಿಗೆ, ಡೆಟಾಲು. ಎದೆಮಟ್ಟಕ್ಕೆ ಸರಿಯಾಗಿ ಎರಡು ಗೆರೆ ಎಳೆದೆ, ನಡುವೆ ಒಂದು ಗೇಣು. ಒಂದೆರಡು ಬೆರಳಗಲ ಸಾಕು ಎಂದು ಎಲ್ಲೋ ಓದಿದ ನೆನಪಿತ್ತು. ಆದರೆ ಹನ್ನೊಂದು ವರ್ಷ ಸುಮ್ಮನೆ ನಿಂತ ಮರಕ್ಕೆ ಅಷ್ಟು ರಿಯಾಯಿತಿ ಬೇಡ ಅನ್ನಿಸಿತು. ಗರಗಸ ಆಡಿಸಿದೆ. ತೊಗಟೆ ಎಲ್ಲಿಗೆ ಮುಗಿಯಿತು, ಮರ ಎಲ್ಲಿಂದ ಶುರುವಾಯಿತು ಎಂದು ಪುಸ್ತಕದ ಚಿತ್ರದಲ್ಲಿ ಬೇರೆ ಬೇರೆ ಬಣ್ಣ ಇರುತ್ತದೆ. ಮರದಲ್ಲಿ ಇರುವುದಿಲ್ಲ! ಅನುಮಾನ ಬಂದಲ್ಲೆಲ್ಲ ಇನ್ನೊಂದಿಷ್ಟು ಆಳಕ್ಕೆ ಹೋದೆ.

ಮೇಣ ಶುರುವಾಯಿತು. ಹಲಸಿನ ತೊಗಟೆಯಲ್ಲಿ ಹಾಲಿನಂಥ ಮೇಣ ಹರಿಸುವ ನಾಳಗಳಿವೆ, ಮರದ ಗಾಯ ಮುಚ್ಚುವುದು ಅದರ ಕೆಲಸ ಎಂದು ನಾನೇ ನೋಟ್ಸ್ ಬರೆಸಿದ್ದೇನೆ. ಅದು ಗಾಯವನ್ನು ಬಿಟ್ಟು ನನ್ನನ್ನು ಮುಚ್ಚಿತು. ಬೆರಳು ಬೆರಳಿಗೆ ಅಂಟಿತು. ಗರಗಸ ಅಂಗೈಗೆ ಅಂಟಿತು. ಮೂಗು ತುರಿಸಿತೆಂದು ಕೈ ಎತ್ತಿದೆ. ಕನ್ನಡಕ ಹುಬ್ಬಿಗೆ ಅಂಟಿತು. ಆ ಸ್ಥಿತಿಯಲ್ಲೇ ಉಳಿಯಿಂದ ತೊಗಟೆ ಎಬ್ಬಿಸಿ, ಕೆಳಗೆ ನುಣುಪಾಗಿ ಒದ್ದೆಯಾಗಿದ್ದ ಪದರವನ್ನೂ ಚೆನ್ನಾಗಿ ಕೆರೆದು ಶುಭ್ರಗೊಳಿಸಿದೆ. ಆ ಒದ್ದೆ ಪದರವೇ ಕ್ಯಾಂಬಿಯಂ. ಗಾಯವನ್ನು ಮತ್ತೆ ಕೂಡಿಸಬಲ್ಲ ಏಕೈಕ ಡಿಪೋವನ್ನು ನಾನು ತೊಳೆದು ಗುಡಿಸಿ ಬೀಗ ಹಾಕಿದ ಹಾಗಾಯಿತು. ಕೊನೆಗೆ ಸೋಂಕು ತಗಲಬಾರದೆಂದು, ಗೇಟಿಗೆ ಹೊಡೆದು ಮಿಕ್ಕಿದ್ದ ಹಸಿರು ಪೇಂಟನ್ನು ಬಳಿದೆ. ಎರಡು ಕೋಟು!

ಸಂಜೆ ಬಂದ ಅತ್ತೆ ನೇರ ಮರದ ಹತ್ತಿರ ಹೋದರು. ಹಸಿರು ಪಟ್ಟಿಯನ್ನು ಬೆರಳಿನಿಂದ ಸುತ್ತಲೂ ಮುಟ್ಟಿಕೊಂಡು ಬಂದರು, ಎಲ್ಲಾದರೂ ಒಂದು ಕಡೆ ತೊಗಟೆ ಉಳಿದಿದೆಯೇ ಎಂದು ಹುಡುಕುವವರ ಹಾಗೆ.

“ಅಳಿಯಂದ್ರೇ, ಯಾರೂ ಬ್ಯಾಡ ಅನ್ನಲಿಲ್ವಾ?” ಎಂದರು.

“ಯಾರೂ ಇರ್ಲಿಲ್ಲ ಅತ್ತೆ, ನಾನೊಬ್ನೇ ಮಾಡಿದ್ದು!” ಎಂದೆ ಹೆಮ್ಮೆಯಿಂದ. ಭಾಗ್ಯ ಕೊಬ್ಬರಿ ಎಣ್ಣೆ ತಂದು ನನ್ನ ಹುಬ್ಬಿನಿಂದ ಕನ್ನಡಕ ಬಿಡಿಸಿದಳು. ಹುಬ್ಬು ಅರ್ಧ ಅದರ ಜೊತೆಗೇ ಹೋಯಿತು.

ಈಗ ನೀವು ನಂಬಬೇಕಾದ ವಿಷಯ. ಮಾಘ ಬರುವಷ್ಟರಲ್ಲಿ ಮರ ಬಿಟ್ಟಿತು! ಒಂದಲ್ಲ ಎರಡಲ್ಲ, ಇಪ್ಪತ್ತಮೂರು ಕಾಯಿ. ಕೊಂಬೆ ಕವಲಿನಲ್ಲಿ, ಕಾಂಡದ ಮೇಲೆ, ನನ್ನ ಹಸಿರು ಪಟ್ಟಿಯ ಮೇಲುಭಾಗದಲ್ಲೆಲ್ಲ ಗೊಂಚಲು ಗೊಂಚಲು. ಅತ್ತೆ ದಿನಾ ಬೆಳಿಗ್ಗೆ ಎದ್ದು ಎಣಿಸುತ್ತಿದ್ದರು. ಎಣಿಸುವಾಗ ಅವರ ಮುಖ ನೋಡಬೇಕಿತ್ತು. ಬಾಮೈದಂದಿರು ಹೊಲ ಮಾರಿದ ಮೇಲೆ ಆ ಮುಖದಲ್ಲಿ ಅಂಥ ನಗು ನಾನು ಕಂಡಿರಲಿಲ್ಲ. ಭಾಗ್ಯ ಕೂಡ ಒಂದು ದಿನ ಕಾಫಿ ಕೊಡುತ್ತಾ, “ಏನೋ ಅನ್ಕೊಂಡಿದ್ದೆ, ಪರವಾಗಿಲ್ಲ ನೀವು” ಎಂದಳು. ಮದುವೆಯಾಗಿ ಇಪ್ಪತ್ತೇಳು ವರ್ಷಕ್ಕೆ ಸಿಕ್ಕ ಪ್ರಶಸ್ತಿ ಅದು.

ನಾನು ನೆಲದ ಮೇಲೆ ನಡೆಯುವುದನ್ನು ಬಿಟ್ಟೆ. ಶಾಲೆಯ ಮಕ್ಕಳನ್ನು ಹಿತ್ತಲಿಗೆ ಕರೆತಂದು ಹಸಿರು ಪಟ್ಟಿಯನ್ನು ಕೋಲಿನಿಂದ ತೋರಿಸಿ ಪಾಠ ಮಾಡಿದೆ. ಪಕ್ಕದ ಮನೆಯ ಮುನಿರಾಜು ಬಂದು, “ಮೇಷ್ಟ್ರೇ, ನಮ್ ಮಾವಿನ ಮರಾನೂ ಎರಡು ವರ್ಷದಿಂದ ಸುಮ್ನೆ ನಿಂತದೆ, ಒಸಿ ನೋಡಿ ಗುರುವೇ” ಎಂದ. ನಾನು ಗರಗಸದ ಸಮೇತ ಹೋದೆ. ಈ ಸಲ ಕೈಗೆ ಎಣ್ಣೆ ಹಚ್ಚಿಕೊಂಡೇ ಹೋದೆ, ಅನುಭವಸ್ಥ! ಅರ್ಧ ಸುತ್ತು ಕೊಯ್ದಿದ್ದೆ, ಅಷ್ಟರಲ್ಲಿ ಮುನಿರಾಜುವಿನ ಹೆಂಡತಿ ಗೌರಮ್ಮ ಪಾತ್ರೆ ಬಿಟ್ಟು ಓಡಿಬಂದಳು.

“ಬ್ಯಾಡಿ ಮೇಷ್ಟ್ರೇ, ಬ್ಯಾಡಿ! ಮುಂದಿನ್ ವರ್ಷ ಬಿಡ್ತದೆ ಬಿಡಿ! ನಮ್ಮತ್ತೆ ನೆಟ್ಟ ಮರ ಅದು!”

ಮರವನ್ನು ತಬ್ಬಿಕೊಂಡೇ ನಿಂತುಬಿಟ್ಟಳು. ವಿಜ್ಞಾನಕ್ಕೆ ಈ ದೇಶದಲ್ಲಿ ಬೆಲೆಯಿಲ್ಲ ಎಂದು ಗೊಣಗುತ್ತಾ ನಾನು ಅರ್ಧಕ್ಕೇ ಬಂದೆ. ಬೇಲಿ ದಾಟಿದ ಮೇಲೂ ಗೌರಮ್ಮ ಆ ಗಾಯಕ್ಕೆ ಸಗಣಿ, ಮಣ್ಣು ಮೆತ್ತುತ್ತಿದ್ದದ್ದು ಕಾಣುತ್ತಿತ್ತು. ನಕ್ಕೆ.

ಯುಗಾದಿ ಕಳೆದು ಹದಿನೈದು ದಿನಕ್ಕೆ ನಮ್ಮ ಹಲಸಿನ ತುದಿ ಎಲೆಗಳು ಹಳದಿಯಾದವು. ಬಿಸಿಲಿಗೆ ಎಂದೆ. ಮಧ್ಯದ ಎಲೆಗಳೂ ಆದವು. ಗಾಳಿಗೆ ಎಂದೆ. ಒಂದು ದಿನ ಅತ್ತೆ ಅಂಗೈ ತುಂಬ ಉದುರಿದ ಎಲೆ ತಂದು ನನ್ನ ಪಕ್ಕ ಇಟ್ಟು ಹೋದರು. ಆಗ ನನಗೆ ಇನ್ನೊಂದು ಕಾರಣ ಹೊಳೆಯಲಿಲ್ಲ.

ಬುಡ ಕೆದಕಿ ನೋಡಿದೆ. ಸಣ್ಣ ಬೇರುಗಳು ಕೈಯಲ್ಲಿ ಪುಡಿಯಾದವು. ಐದು ತಿಂಗಳಿಂದ ಅವು ಉಪವಾಸ. ಮೇಲಿರುವವರಿಗೆ ಹಬ್ಬ, ಕೆಳಗಿರುವವರಿಗೆ ನೀರು ಹೊರುವ ಕೆಲಸ ಮಾತ್ರ, ಊಟ ಇಲ್ಲ. ಕೂಡಿಟ್ಟುಕೊಂಡದ್ದು ಮುಗಿಯುವವರೆಗೆ ಹೊತ್ತವು, ಆಮೇಲೆ ಸತ್ತವು. ಬೇರು ಸತ್ತ ಮೇಲೆ ನೀರು ಏರಿಸುವವರು ಯಾರು? ನಾನು ಗರಗಸದಿಂದ ಆಳಕ್ಕೆ ಇಳಿದು ಕ್ಸೈಲಂನಲ್ಲೂ ಅರ್ಧ ದಾರಿ ಮುಚ್ಚಿದ್ದೆ ಬೇರೆ. ತಪ್ಪಾಯಿತೆಂದು ಹೇಳಲು ಅದೇ ಸರಿಯಾದ ಸಮಯವಾಗಿತ್ತು. ಹೇಳಲಿಲ್ಲ. ರಿಪೇರಿಗೆ ನಿಂತೆ!

ಬೇರಿಗೆ ಸಕ್ಕರೆ ಸಿಗುತ್ತಿಲ್ಲ ತಾನೇ? ನಾನೇ ಕೊಡುತ್ತೇನೆ! ಎರಡು ಅಚ್ಚು ಬೆಲ್ಲ ಕರಗಿಸಿ ಬುಡಕ್ಕೆ ಸುರಿದೆ. ಬೇರು ಮಣ್ಣಿನಿಂದ ಬೆಲ್ಲ ತಿನ್ನುವುದಿಲ್ಲ ಎಂದು ಏಳನೇ ತರಗತಿಯ ಮಗುವಿಗೂ ಗೊತ್ತು. ಇರುವೆ ತಿನ್ನುತ್ತದೆ ಎಂದೂ ಗೊತ್ತು. ದೊಡ್ಡಬೆಳವಂಗಲದ ಅಷ್ಟೂ ಇರುವೆ ಬಂದವು. ಬುಡದ ಬೆಲ್ಲ ಮುಗಿಸಿ, ಹಿತ್ತಲ ಬಾಗಿಲಿನಿಂದ ಅಡುಗೆಮನೆಗೆ ನುಗ್ಗಿ ಡಬ್ಬದ ಬೆಲ್ಲಕ್ಕೂ ಬಂದವು. ಭಾಗ್ಯ ಎರಡು ದಿನ ಪೊರಕೆ ಹಿಡಿದುಕೊಂಡೇ ಅಡುಗೆ ಮಾಡಿದಳು.

ಆಮೇಲೆ ಸೇತುವೆ. ಗಾಯದ ಮೇಲಿನ ತೊಗಟೆಗೂ ಕೆಳಗಿನ ತೊಗಟೆಗೂ ನಡುವೆ ಎಳೇ ಕಡ್ಡಿಗಳನ್ನು ಕಸಿ ಕಟ್ಟಿದರೆ ಆಹಾರ ಅದರ ಮೂಲಕ ಇಳಿಯುತ್ತದೆಂದು ಪುಸ್ತಕದಲ್ಲಿ ಇತ್ತು. ಎಂಟು ಕಡ್ಡಿ ಕತ್ತರಿಸಿ, ತುದಿ ಚೂಪು ಮಾಡಿ, ತೊಗಟೆಯ ಒಳಗೆ ಸಿಕ್ಕಿಸಿ ಸಣ್ಣ ಮೊಳೆ ಹೊಡೆದೆ. ಮುನಿರಾಜು ಬೇಲಿಯಾಚೆಯಿಂದ ನೋಡುತ್ತಿದ್ದ.

“ಏನ್ ಮೇಷ್ಟ್ರೇ, ಮರಕ್ಕೆ ಕಿಟಕಿ ಸರಳು ಹಾಕ್ತಿದೀರಾ?”

“ಇದು ಸೇತುವೆ ಕಸಿ ಕಣಯ್ಯಾ.”

“ಅಲ್ಲಾ, ಕಡ್ಡಿ ಎಲ್ಲಾ ತಲೆಕೆಳಗಾಗಿವೆ. ಚಿಗುರಿನ ಕಣ್ಣು ನೆಲ ನೋಡ್ತಾವೆ.”

ನೋಡಿದೆ. ಎಂಟೂ ತಲೆಕೆಳಗು. ಕಡ್ಡಿಗೂ ಬುಡ ತುದಿ ಇರುತ್ತದೆ, ಉಲ್ಟಾ ಕಟ್ಟಿದರೆ ಕಸಿ ನಿಲ್ಲುವುದಿಲ್ಲ. ಇದು ದ್ರಾಕ್ಷಿ ತೋಟದಲ್ಲಿ ಕೂಲಿ ಮಾಡುವ ಮುನಿರಾಜುವಿಗೆ ಗೊತ್ತಿತ್ತು. ನಾಲ್ಕು ದಿನಕ್ಕೆ ಎಂಟೂ ಒಣಗಿದವು. ಅವನ ಬೇಲಿಯೊಳಗೆ ಆ ಮಾವಿನ ಮರ ಅರ್ಧ ಗಾಯ ಮುಚ್ಚಿಕೊಂಡು ತಳತಳ ಚಿಗುರಿ ನಿಂತಿತ್ತು. ಅದನ್ನು ನೋಡುತ್ತಾ ನಿಂತಾಗಲೇ ನನಗೆ ಅತ್ತೆಯ ಊರಿನ ಪದ್ಧತಿ ಅರ್ಥವಾದದ್ದು. ಮಚ್ಚು ಹಿಡಿಯುವವನು ಯಾರಾದರೂ ಆಗಬಹುದು. ಬೇಡ ಎನ್ನುವವರು ಇರಲೇಬೇಕು. ಆ ಮುದುಕಿ ಆ ಪಾತ್ರವನ್ನು ತಾನೇ ಕೇಳಿ ವಹಿಸಿಕೊಂಡಿದ್ದರು. ನಾನು ಅವರನ್ನು ನಾಮಕರಣಕ್ಕೆ ಕಳಿಸಿಬಿಟ್ಟೆ.

ಜ್ಯೇಷ್ಠದ ಹೊತ್ತಿಗೆ ಮರ ಬೋಳಾಯಿತು. ಕಾಯಿಗಳು ಒಂದೊಂದೇ ಕಪ್ಪಾಗಿ ಉದುರಿದವು. ಅತ್ತೆ ಎಣಿಸುವುದನ್ನು ನಿಲ್ಲಿಸಿದರು. ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ. ಕೊನೆಗೆ ಹಸಿರು ಪಟ್ಟಿಗೆ ಹತ್ತಿರದ ಕವಲಿನಲ್ಲಿ, ಎಲ್ಲಕ್ಕಿಂತ ಮೊದಲು ಬಿಟ್ಟಿದ್ದ ಒಂದೇ ಒಂದು ಕಾಯಿ ಬಲಿತು ಉಳಿಯಿತು. ಭಾಗ್ಯ ಅದನ್ನು ಇಳಿಸಿ, ಗೋಣಿಚೀಲ ಸುತ್ತಿ ಹುಲ್ಲಿನಲ್ಲಿ ಇಟ್ಟಳು. ಐದನೇ ದಿನ ಸ್ವಲ್ಪ ವಾಸನೆ ಬಂತು. ಅತ್ತೆ ಸ್ನಾನ ಮಾಡಿ, ಬೇರೆ ಸೀರೆ ಉಟ್ಟು ಬಂದು ಕೂತರು.

ಭಾಗ್ಯ ಹಣ್ಣು ಹೆಚ್ಚಿದಳು. ಒಳಗೆ ನಾರುನಾರಾದ ಸಾರೆಯೇ ಹೆಚ್ಚು. ತೊಳೆಗಳು ಹನ್ನೆರಡೋ ಹದಿಮೂರೋ, ಬಿಳಿಚಿಕೊಂಡಿದ್ದವು. ಬೀಜ ಮಾತ್ರ ಬಲಿತು ದುಂಡಗಿದ್ದವು. ಅತ್ತೆ ಒಂದು ತೊಳೆ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. ಬಹಳ ಹೊತ್ತು ಅಗಿದರು. ಇನ್ನೊಂದು ತೆಗೆದುಕೊಂಡರು, ಮೊದಲನೆಯದು ಸರಿಯಾಗಿ ತಿಳಿಯಲಿಲ್ಲವೇನೋ ಎಂಬಂತೆ.

“ಸಪ್ಪೆ” ಎಂದರು. “ನಮ್ ಮರದ ಹಣ್ಣು ಹಿಂಗಿರಲಿಲ್ಲ ಕಣವ್ವಾ. ಇದು ನಮ್ ಮರದ್ದಲ್ಲ. ಆವತ್ತು ಗಡಿಬಿಡೀಲಿ ಬ್ಯಾರೆ ಯಾವ್ದೋ ಬೀಜ ಕಟ್ಕಂಡ್ ಬಂದ್ಬಿಟ್ಟಿದೀನಿ.”

ಭಾಗ್ಯ ಚಾಕು ಹಿಡಿದುಕೊಂಡೇ ನನ್ನ ಕಡೆ ತಿರುಗಿದಳು. ಅವಳ ಕಣ್ಣಿನಲ್ಲಿ ಕೋಪವಿರಲಿಲ್ಲ, ನಿಜವಾಗಿ ಕೇಳುತ್ತಿದ್ದಳು. “ಹೌದೇನ್ರೀ? ನಿಮಗೆ ಗೊತ್ತಿರತ್ತಲ್ಲ. ರುಚಿ ಬೇರೆ ಅಂದ್ರೆ ಮರಾನೇ ಬೇರೆ ಅಂತಾನಾ?”

ನನಗೆ ಗೊತ್ತಿತ್ತು. ನೀರಿಲ್ಲದೆ ಎಲೆ ಉದುರಿತು, ಎಲೆಯಿಲ್ಲದೆ ಸಕ್ಕರೆ ತಯಾರಾಗಲಿಲ್ಲ, ಅದಕ್ಕೇ ಹಣ್ಣು ಸಪ್ಪೆ. ಮರ ಅವರದೇ, ಬೀಜ ಅವರ ಹೊಲದ್ದೇ, ಈ ತಟ್ಟೆಯಲ್ಲಿರುವ ಹನ್ನೆರಡು ಹದಿಮೂರು ಬೀಜ ಬಿಟ್ಟರೆ ಆ ಮರದ ಸಂತಾನ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ. ಒಂದೇ ಮಾತು ಹೇಳಬೇಕಿತ್ತು. ಹೇಳಿದರೆ ಮರ ಕೊಂದವನು ಯಾರೆಂಬ ಮಾತು ಎದ್ದೇ ಏಳುತ್ತಿತ್ತು. ನಾನು ಕನ್ನಡಕ ತೆಗೆದೆ.

“ಬೀಜದಿಂದ ಹುಟ್ಟಿದ ಹಲಸು ತಾಯಿ ಮರದ ಹಾಗೇ ಇರಬೇಕು ಅಂತೇನಿಲ್ಲ” ಎಂದೆ. ಈ ಮಾತು ಸುಳ್ಳಲ್ಲ, ಪುಸ್ತಕದಲ್ಲಿದೆ. “ಅತ್ತೆ ಹೇಳಿದ್ದೂ ಇರಬಹುದು.”

“ಮೇಷ್ಟ್ರೇ ಹೇಳಿದ ಮೇಲೆ ಸರಿ ಬಿಡು” ಎಂದರು ಅತ್ತೆ. ಅಳಿಯಂದ್ರೇ ಎನ್ನುತ್ತಿದ್ದವರು ಅಂದು ಮೇಷ್ಟ್ರೇ ಎಂದರು. “ಆ ಬೀಜ ಮಡಗಿ ಏನ್ಮಾಡ್ತೀಯಾ? ಸಾರಿಗೆ ಹಾಕು.”

ಮಧ್ಯಾಹ್ನ ಮುದ್ದೆ, ಹಲಸಿನ ಬೀಜದ ಸಾರು. ಬೀಜ ಚೆನ್ನಾಗಿ ಬೆಂದಿದ್ದವು. ಭಾಗ್ಯ ಇನ್ನೊಂದು ಸೌಟು ತಂದಾಗ ಸಾಕು ಎನ್ನಲು ನನಗೆ ಬಾಯಿ ಬರಲಿಲ್ಲ. ಬಡಿಸಿಕೊಂಡು ಎಲ್ಲವನ್ನೂ ತಿಂದೆ.